ನಾಟಿಗೆ ಮುಂಚಿನ ಹುಲ್ಲು

ಮೊಣಕಾಲಿಗೆ ಏನೋ ತಣ್ಣಗೆ ತಗುಲಿತು, ಎಲೆ, ಭತ್ತದ್ದೋ ಹುಲ್ಲಿನದೋ — ಮೃತ್ಯುಂಜಯ ಬಗ್ಗಿ ಎಲೆ ಕಾಂಡಕ್ಕೆ ಕೂಡುವಲ್ಲಿ ಹೆಬ್ಬೆರಳಿನಿಂದ ಸವರಿದ, ಸಣ್ಣ ರೋಮ ಸಿಕ್ಕಿತು, ಸದ್ಯ, ಭತ್ತವೇ, ಹುಲ್ಲಾಗಿದ್ದರೆ ಅಲ್ಲಿ ಬರೀ ನುಣುಪು, ಹೋದ ವರ್ಷ ಗದ್ದೆ ತುಂಬ ಆ ನುಣುಪೇ, ತೆನೆ ಬರುವವರೆಗೂ ಭತ್ತದ ವೇಷ ಹಾಕಿ ನಿಂತಿದ್ದ ಹುಲ್ಲು, ಅದನ್ನು ಕಿತ್ತೂ ಕಿತ್ತೂ ಹೆಂಡತಿ ನೇತ್ರಾವತಿಯ ಸೊಂಟ ಹಿಡಿದುಕೊಂಡಿತು, ಬಗ್ಗಿದವಳು ಬಗ್ಗಿದಂತೆಯೇ, ರೀ, ಏಳಕ್ಕಾಗ್ತಿಲ್ಲ ಕಣ್ರೀ ಅಂದಳು, ಅವನು ತಮಾಷೆ ಅಂದುಕೊಂಡ, ಆಮೇಲೆ ಬೆನ್ನ ಮೇಲೆ ಹೊತ್ತು ಬದು ದಾಟುವಾಗ ಅವಳ ಕೆಸರುಗೈ ಅವನ ಕತ್ತಿನ ಸುತ್ತ, ಕಿವಿಯ ಹತ್ತಿರ ಅಳುವೋ ನಗುವೋ, ಮದ್ವೆಯಾದಾಗ್ಲೂ ಹಿಂಗ್ ಎತ್ಕಂಡಿರ್ಲಿಲ್ಲ ನೀವು. ಸಕಲೇಶಪುರದ ಡಾಕ್ಟರು ಇನ್ನು ಬಗ್ಗಬೇಡಿ ಅಂದರು, ಅವಳು ಹೂಂ ಅಂದಳು, ಬಸ್ಸು ಯಸಳೂರು ಮುಟ್ಟುವಷ್ಟರಲ್ಲಿ ಮತ್ತೆ ಶುರು, ಬರೋ ವರ್ಷ ಕಳೆ ಯಾರು ಕೀಳ್ತಾರೆ, ನೀವೊಬ್ರೇನಾ — ಅವನಿಗೆ ಮಾತು ಯಾವಾಗ ಬಂದಿತ್ತು, ಗೊತ್ತಿದ್ದದ್ದು ಉಳುಮೆ, ಈ ಸಲ ಮೊದಲ ಮಳೆಗೆ ಗದ್ದೆಯನ್ನು ತೆಳ್ಳಗೆ ಉತ್ತು ಹಾಗೇ ಬಿಟ್ಟ, ಹುಟ್ಟೋ ಹುಲ್ಲೆಲ್ಲ ಈಗಲೇ ಹುಟ್ಟಿಬಿಡಲಿ ಅಂತ, ಊರೆಲ್ಲ ನಾಟಿ, ಅವನ ಗದ್ದೆಯಲ್ಲಿ ಹುಲ್ಲು, ಪಕ್ಕದ ಗದ್ದೆಯ ಲಕ್ಕಯ್ಯ ಸೊಂಟಕ್ಕೆ ಕೈ ಕೊಟ್ಟು ನಿಂತು, ಏನ್ ಮಾರಾಯ, ಭತ್ತ ಬುಟ್ಟು ಹುಲ್ಲು ಬೆಳೀತಿದ್ದೀಯ, ಮಡೀಲಿರೋ ಸಸಿ ಬಲ್ತೋಗ್ಬುಡ್ತದೆ ಕಣೋ — ಆ ಭಯ ಅವನಿಗೇನು ಇರಲಿಲ್ಲವೇ, ದಿನಾ ಬೆಳಗ್ಗೆ ಸಸಿಮಡಿಗೆ ಹೋಗಿ ಮುಟ್ಟಿ ನೋಡುತ್ತಿದ್ದ, ಇನ್ನೊಂದು ದಿನ ತಡಿ, ಇನ್ನೊಂದೇ ದಿನ, ಕೊನೆಗೆ ಗದ್ದೆ ಹಸಿರು ಕಂಬಳಿಯಾದ ಮೇಲೆ ಟಿಲ್ಲರ್ ಇಳಿಸಿದ, ಆಳಕ್ಕಲ್ಲ, ಆಳದ ಹುಲ್ಲುಬೀಜ ಆಳದಲ್ಲೇ ಮಲಗಿರಲಿ, ಎಳೆ ಹುಲ್ಲು ಕೆಸರಿನೊಳಗೆ ಮಗುಚಿಕೊಂಡಿತು, ನೀರು ಕಟ್ಟಿದ, ನಾಟಿ ಮಾಡಿಸಿದ, ಈಗ ಸಾಲಿನಿಂದ ಸಾಲಿಗೆ ನಡೆದರೂ ಅಲ್ಲೊಂದು ಇಲ್ಲೊಂದು, ಕೈಯಲ್ಲಿ ಒಂದು ಹಿಡಿ ಹುಲ್ಲೂ ಇಲ್ಲ — ಕಿತ್ತಾಯ್ತೇನ್ರೀ, ಅವಳ ದನಿ, ಯಾವಾಗ ಬಂದಳು, ಬದುವಿನ ಮೇಲೆ ಸೆರಗು ಸಿಕ್ಕಿಸಿ ಇಳಿಯಲು ಸಿದ್ಧ, ಬ್ಯಾಡ, ಕೀಳಾಕೆ ಏನೂ ಇಲ್ಲ ಇಲ್ಲಿ, ಸುಮ್ನೆ ಕೂತ್ಕ ಅಂದ, ಅವಳು ಗದ್ದೆ ನೋಡಿದಳು, ಅವನನ್ನು ನೋಡಿದಳು, ನನ್ ಸೊಂಟುಕ್ಕೇನಾ ಅಷ್ಟು ದಿನ ಹುಲ್ಲು ಕಾಯ್ತಾ ಕೂತಿದ್ದು, ಒಂದ್ ಮಾತು ಹೇಳ್ಬಾರ್ದಾಗಿತ್ತಾ — ಅವಳು ಕೂರುತ್ತಾಳೆ, ನೆಟ್ಟಗೆ, ಕಾಲು ಗದ್ದೆಗೆ ಇಳಿಬಿಟ್ಟು, ಸಾಲುಗಳ ನಡುವೆ ತಿಳಿನೀರು, ತಳದ ಮಣ್ಣಿನ ಮೇಲೆ ಅವಳ ಎರಡು ಪಾದ, ಕಾಲುಂಗುರ ಕೂಡ ಕಾಣುತ್ತದೆ, ಸವೆದ ಬೆಳ್ಳಿ, ಏನಾದರೂ ಹೇಳಬೇಕು, ಆ ಪಾದ, ಹೇಳಬೇಕು, ನೀರೊಳಗೆ ಆ ಎರಡು ಪಾದ —