ಚಂಪಾ ಹೇಳಿದ ಸಾಕ್ಷಿ

ಕಲ್ಯಾಣದ ಆ ಕ್ರೈಸ್ತ ದೇವಾಲಯದಲ್ಲಿ ಭಾನುವಾರ ಬೆಳಿಗ್ಗೆ ಮರಾಠಿ ಆರಾಧನೆ, ಮಧ್ಯಾಹ್ನ ಮೂರೂವರೆಗೆ ಕನ್ನಡ ಆರಾಧನೆ. ಮರಾಠಿಯವರ ಕೀರ್ತನೆಗಳ ಅಂಕಿ ತೆಗೆದು ಹಲಗೆಗೆ ಕನ್ನಡ ಕೀರ್ತನೆಗಳ ಅಂಕಿ ಸಿಕ್ಕಿಸುವುದು ಸಭಾಹಿರಿಯರಾದ ಜಯಶೀಲರ ಕೆಲಸ. ಪಾದ್ರಿ ಅಯ್ಯನವರು ಬರುವುದು ತಿಂಗಳಿಗೊಮ್ಮೆ. ಉಳಿದ ವಾರಗಳಲ್ಲಿ ಆರಾಧನೆ ನಡೆಸುವವರೂ ಅವರೇ. ಹೆಂಡತಿ ಚಂಪಾ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಈ ನಾಲ್ಕು ತಿಂಗಳಲ್ಲಿ ಅವರು ಒಂದು ವಾರವೂ ತಪ್ಪಿಸಿರಲಿಲ್ಲ.

"ಅಣ್ಣಾರ, ಇವತ್ತ ನಂದೂ ಒಂದ್ ಸಾಕ್ಷಿ ಅದ. ಹೆಸರು ಬರ್ಕೋರಿ."

ತಿರುಗಿ ನೋಡಿದರೆ ಚಂದ್ರಬಾಯಿ. ಕಲಬುರಗಿ ಕಡೆಯವಳು. ವಿಠ್ಠಲವಾಡಿಯಲ್ಲಿ ವಾಸ, ಕಟ್ಟಡದ ಕೂಲಿ.

ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದೇ ಸಾಕ್ಷಿ. ಹಿಂದೆ ವರ್ಷಕ್ಕೊಬ್ಬರು ಹೇಳಿದರೆ ಹೆಚ್ಚು. ರೋಗಿಗಳಿಗಾಗಿ ಪ್ರಾರ್ಥಿಸುವ ಉಜ್ಜೀವನ ಕೂಟ ಶುರುವಾದ ಮೇಲೆ ವಾರಕ್ಕೆ ಮೂವರಾದರೂ ಹೆಸರು ಕೊಡುತ್ತಿದ್ದರು.

"ಏನು ಸಾಕ್ಷಿ, ಚಂದ್ರಬಾಯಿ?"

"ಫಿಟ್ಸ್ ಹೋಯ್ತ್ರಿ! ರಂಜನಣ್ಣಾರು ತಲಿ ಮ್ಯಾಲ ಕೈಯಿಟ್ಟು ಪ್ರಾರ್ಥನಾ ಮಾಡಿದ ಮ್ಯಾಲ ಒಮ್ಮೆನೂ ಬಂದಿಲ್ಲ. ಗುಳಿಗಿ ಬಿಟ್ಟು ಇಪ್ಪತ್ತು ದಿನ ಆತು."

"ಕೆಲಸಕ್ಕೆ ಹೋಗ್ತಿದ್ದೀಯಾ?"

"ಹೋಗ್ದೆ ಮತ್ತ? ಏಳನೇ ಮಾಳಿಗಿ ತನಕ ಇಟ್ಟಂಗಿ ಹೊರ್ತೀನಿ. ಗ್ವಾಡಿ ಇನ್ನಾ ಎದ್ದಿಲ್ಲ, ಸುತ್ತ ಬಯಲೇ."

ಜಯಶೀಲರು ಕೈಯಲ್ಲಿದ್ದ ಅಂಕಿಯನ್ನು ಕೆಳಗಿಟ್ಟರು. "ಗುಳಿಗೆ ಬಿಡಬೇಡಮ್ಮ. ಪ್ರಾರ್ಥನೆಯೂ ಇರಲಿ, ಅದೂ ಇರಲಿ."

"ಹಂಗಂತೀರಲ್ರಿ! ಚಂಪಕ್ಕಾರು ಬಿಟ್ಟಿರ್ಲಿಲ್ಲೇನ್ರಿ? ಅವರ ಸಾಕ್ಷಿ ಕೇಳೇ ನಾ ಧೈರ್ಯಾ ಮಾಡೀನಿ. ಇನ್ನ ಸಾಕ್ಷಿ ಹೇಳಿಬಿಟ್ರ ಮುಗೀತು. ಆಮ್ಯಾಲ ಗುಳಿಗಿ ಮುಟ್ಟಿದ್ರ ಸುಳ್ಳುಸಾಕ್ಷಿ ಆಗ್ತದ."

ಈ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಕೂಟದಲ್ಲಿ ಅದು ತಾನಾಗಿ ಬೆಳೆದಿತ್ತು. ಸುಳ್ಳುಸಾಕ್ಷಿ ಹೇಳಬಾರದು ಎನ್ನುವುದು ದೇವರ ದಶಾಜ್ಞೆಗಳಲ್ಲಿ ಒಂದು. ಅದನ್ನು ಮೀರಿದ ಪಾಪ ಯಾರಿಗೆ ಬೇಕು?

ಅಷ್ಟರಲ್ಲಿ ರಂಜನ್ ತಾಯಿ ಪುಷ್ಪಾವತಿಯೊಡನೆ ಒಳಗೆ ಬಂದ. ಉಡುಪಿಯವರ ಮಗ, ಬೇಲಾಪುರದಲ್ಲಿ ಕಚೇರಿ ಕೆಲಸ, ಕೂಟದ ಮುಂದಾಳು. ಪುಷ್ಪಾವತಿ ಮುಂದಿನ ಬೆಂಚಿನಲ್ಲಿ ಕುಳಿತರು. ಜಯಶೀಲರು ರಂಜನ್‌ನನ್ನು ಪಕ್ಕಕ್ಕೆ ಕರೆದರು.

"ಚಂದ್ರಬಾಯಿ ಇವತ್ತು ಸಾಕ್ಷಿ ಹೇಳುವುದು ಬೇಡ ರಂಜನ್."

"ಎಂತ ಅಂಕಲ್ ನೀವು! ಮೂರು ವರ್ಷದ ಹಿಂದೆ ಇಲ್ಲಿ ಎಷ್ಟು ಜನ ಇದ್ರು? ಹದಿನಾಲ್ಕು. ಅದರಲ್ಲೂ ಅರ್ಧ ಜನ ನಿದ್ದೆ. ಈ ಕೂಲಿಯವರನ್ನು ಆಗ ಯಾರು ಒಳಗೆ ಕರೆದಿದ್ರು? ಇವಳ ಗಂಡ ಕುಡಿಯುವುದು ಬಿಟ್ಟದ್ದು ಎಲ್ಲಿ ಹೇಳಿ?"

"ಕೂಟದಲ್ಲೇ. ಅದಕ್ಕಾಗಿ ನಾನು ದೇವರನ್ನು ಸ್ತುತಿಸುತ್ತೇನೆ."

"ಮತ್ತೆ? ಚಂಪಾ ಆಂಟಿಯ ನಂಬಿಕೆಯಲ್ಲಿ ಸಾಸಿವೆಯಷ್ಟಾದರೂ ನಿಮಗೆ ಬೇಡವಾ?" ಎಂದು ನಕ್ಕು ರಂಜನ್ ತಾಯಿಯ ಪಕ್ಕ ಹೋಗಿ ಕುಳಿತ.

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಜಯಶೀಲರಿಗೆ ಅದೇ ಹೆಚ್ಚು ನೋಯಿತು.

ಆರಾಧನೆ ಶುರುವಾಯಿತು. ಸಾಕ್ಷಿಯ ಹೊತ್ತು ಬಂದಾಗ ಚಂದ್ರಬಾಯಿ ಸೆರಗು ಸರಿಪಡಿಸಿಕೊಂಡು ಎದ್ದಳು. ಜಯಶೀಲರು ಕೈ ಎತ್ತಿ ತಡೆದರು.

"ಕೂತ್ಕೋ ತಾಯಿ. ಮೊದಲು ನಾನು ಹೇಳಬೇಕು."

ಅವರು ಹೆಸರುಗಳ ಚೀಟಿ ಮಡಿಸಿ ಜೇಬಿಗಿಟ್ಟರು.

"ನನ್ನ ಚಂಪಾಗೆ ಶುಗರ್ ವಾಸಿಯಾಗಿರಲಿಲ್ಲ. ವಾಸಿಯಾಯಿತು ಎಂದು ಇದೇ ಜಾಗದಲ್ಲಿ ನಿಂತು ಹೇಳಿದಳು. ನಂಬಿಯೇ ಹೇಳಿದಳು. ಇಂಜೆಕ್ಷನ್ ನಿಲ್ಲಿಸಿದಳು. ಎರಡು ತಿಂಗಳಲ್ಲಿ ಕಾಲಿನ ಗಾಯ ಕೊಳೆಯಿತು. ಪುನಃ ಚುಚ್ಚಿಸಿಕೋ ಎಂದೆ. 'ಸಭೆಯ ಮುಂದೆ ಸುಳ್ಳು ಹೇಳಿದವಳು ಅನ್ನಿಸಿಕೊಳ್ಳಲಾ?' ಎಂದಳು. ನಾನು ಸುಮ್ಮನಾದೆ. ಸಭಾಹಿರಿಯನ ಹೆಂಡತಿ ಎಂದು ನಾಲ್ಕು ಜನ ಆಡಿಕೊಂಡಾರು ಎಂದು ನನಗೂ ನಾಚಿಕೆ. ಕಾಲಿನ ನಂಜು ಮೈಯೆಲ್ಲ ಏರಿ ಸತ್ತಳು. ಹೃದಯ ನಿಂತಿತು ಎಂದು ನಿಮಗೆಲ್ಲ ಹೇಳಿದೆ. ಸುಳ್ಳುಸಾಕ್ಷಿ ಅವಳದ್ದಲ್ಲ, ನನ್ನದು."

ರಂಜನ್ ಎದ್ದು ನಿಂತ.

"ಅಂಕಲ್, ಮದ್ದು ಬಿಡಿ ಅಂತ ನಾನು ಯಾರಿಗೂ ಹೇಳಿದವನಲ್ಲ."

"ಹೇಳಲಿಲ್ಲ. ಬಿಟ್ಟವರಿಗೆ ನಾವೆಲ್ಲ ಸೇರಿ ಚಪ್ಪಾಳೆ ತಟ್ಟಿದೆವು."

ರಂಜನ್ ಮೆಲ್ಲನೆ ಸಭೆಯ ಕಡೆ ತಿರುಗಿದ. "ಬೇರೆ ಯಾರಾದ್ರೂ ಬಿಟ್ಟಿದ್ದೀರಾ? ಕೈ ಎತ್ತಿ. ಯಾರೂ ಏನೂ ಹೇಳುವುದಿಲ್ಲ."

ಚಂದ್ರಬಾಯಿ ಅರ್ಧ ಕೈ ಎತ್ತಿದಳು. ಹಿಂದಿನಿಂದ, ಹೋಟೆಲಿನಲ್ಲಿ ದುಡಿದು ಮುದುಕರಾದ ಕಮಲಾಕ್ಷ ಎತ್ತಿದರು. ಆಮೇಲೆ ಮುಂದಿನ ಬೆಂಚಿನಲ್ಲಿ ಬಳೆ ಸದ್ದಾಯಿತು. ಅದು ಪುಷ್ಪಾವತಿಯ ಕೈ.

"ಅಮ್ಮಾ? ಬಿ.ಪಿ.ದಾ? ಯಾವಾಗಿಂದ?"

"ಆಯ್ತು ಒಂದು ತಿಂಗಳು." ಪುಷ್ಪಾವತಿ ತಲೆ ತಗ್ಗಿಸಿದರು. "ಊರವರಿಗೆಲ್ಲ ಪ್ರಾರ್ಥನೆ ಮಾಡುವವನ ತಾಯಿಯೇ ಮಾತ್ರೆ ನುಂಗ್ತಾಳೆ ಅಂತ ಜನ ನಿನ್ನನ್ನು ನೋಡಿ ನಗಬಾರದಲ್ಲ ಮಗಾ."

ರಂಜನ್ ತಾಯಿಯ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟ. ಕೊನೆಗೆ ಕಣ್ಣೊರೆಸಿಕೊಂಡು ಎದ್ದು ಅವರ ಕೈ ಹಿಡಿದ.

"ಏಳಿ ಅಮ್ಮ, ಡಾಕ್ಟರ ಹತ್ರ ಹೋಗುವ. ಚಂದ್ರಬಾಯಿ, ಕಮಲಾಕ್ಷಣ್ಣ, ನೀವೂ ಬನ್ನಿ. ಒಂದೇ ರಿಕ್ಷಾದಲ್ಲಿ ಹಿಡಿಸ್ತದೆ."

ಚಂದ್ರಬಾಯಿ ಬಾಗಿಲಲ್ಲಿ ನಿಂತು ಅನುಮಾನಿಸಿದಳು. "ಮತ್ತ ಆರಾಧನಾ, ಅಣ್ಣಾರ?"

"ಹೋಗಿ ಬಾ ತಾಯಿ. ನೀವು ಬರುವ ತನಕ ಮುಗಿಸುವುದಿಲ್ಲ."

ಜಯಶೀಲರು ಇಳಿದು ಬಂದು, ಪುಷ್ಪಾವತಿ ಎದ್ದುಹೋದ ಜಾಗದ ಪಕ್ಕ ಕುಳಿತರು. ಲೈಟು ಹಾಕುವ ಹೊತ್ತಾದರೂ ಸಭೆಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.