ನಾಲ್ಕನೆಯ ರೀಲು

ಹಾಲಿವುಡ್ಡಿನ ಆ ನಟಿಗೆ ಈ ಮನೆಯ ಮಗ ಇಟ್ಟ ಹೆಸರು ಹುಬ್ಬಮ್ಮ. ಮುಂದೆ ಜಗತ್ತೇ ತಲೆಯ ಮೇಲೆ ಹೊತ್ತು ಮೆರೆಸಿದ ಆಕೆ ತನ್ನ ಮೊದಮೊದಲ ಚಿತ್ರಗಳಲ್ಲಿ ಹುಬ್ಬು ಬಿಟ್ಟರೆ ಬೇರೇನನ್ನೂ ಕುಣಿಸುತ್ತಿರಲಿಲ್ಲ ಎಂಬುದು ಅವನ ತಕರಾರು. ಸಿಟ್ಟಿಗೆ ಎಡಹುಬ್ಬು, ಪ್ರೀತಿಗೆ ಬಲಹುಬ್ಬು, ಸಾವಿಗೆ ಎರಡೂ. ಫಿಲಂ ಸೊಸೈಟಿಯವರು ಶನಿವಾರ ಮಧ್ಯಾಹ್ನ ತೋರಿಸುತ್ತಿದ್ದ ಆ ಹಳೆಯ ಚಿತ್ರಗಳನ್ನೆಲ್ಲ ನೋಡಿ, ಒಂಬತ್ತರ ಬಗ್ಗೆ ಟಿಪ್ಪಣಿ ಮಾಡಿಟ್ಟು, ಒಂದು ಬೆಳಿಗ್ಗೆ ಕಾಲೇಜಿನಲ್ಲಿ ಪಾಠ ಮಾಡಲು ಹೊರಟವನು ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದು ತೀರಿಹೋದ.

ಕತ್ತಲಲ್ಲಿ ಬರೆಯುವುದು ಅವನ ರೂಢಿ. ಎಡಗೈ ಹೆಬ್ಬೆರಳನ್ನು ಸಾಲಿನ ಕೆಳಗೆ ಒತ್ತಿಕೊಂಡು, ಪರದೆಯಿಂದ ಕಣ್ಣು ಕೀಳದೆ ಗೀಚುತ್ತಿದ್ದ. ಹೆಬ್ಬೆರಳು ಜಾರಿದಲ್ಲಿ ಒಂದು ಸಾಲು ಇನ್ನೊಂದರ ಮೇಲೆ ಹತ್ತಿ ಕೂರುತ್ತಿತ್ತು. ಆ ಕಾಗೆಕಾಲು ಗುಬ್ಬಿಕಾಲನ್ನು ಓದಬಲ್ಲವಳು ಅವನ ಹೆಂಡತಿಯೊಬ್ಬಳೇ. ಬಿಡಿಸಿ, ಕತ್ತರಿಸಿ, ವಾಕ್ಯ ಮಾಡಿ ವಾರಪತ್ರಿಕೆಗೆ ಕಳಿಸುತ್ತಿದ್ದಳು. ಅಭಿಪ್ರಾಯ ಅವನದು, ವಾಕ್ಯ ಅವಳದು, ಹೆಸರು ಅವನದು. ಅವನು ಹೋದ ಮೇಲೂ, ಟಿಪ್ಪಣಿ ಮುಗಿಯುವವರೆಗೆ ಅವನ ಹೆಸರಲ್ಲೇ ಅಂಕಣ ಬರಲಿ ಎಂದು ಸಂಪಾದಕರು ಹೇಳಿದ್ದರು.

ಭಾನುವಾರ ಪತ್ರಿಕೆ ಬಂದರೆ ಅತ್ತೆ ಕತ್ತರಿ ಹಿಡಿದು ಕೂರುತ್ತಿದ್ದರು. ಸಿನಿಮಾ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಆದರೂ ಅಂಕಣವನ್ನು ಎರಡು ಸಲ ಓದಿ, ಅಂಚು ಸಮಮಾಡಿ ಕತ್ತರಿಸಿ, ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು.

"ಇನ್ನೆಷ್ಟು ವಾರ ಬರ್ತಾನೆ?"

"ಒಂದೇ ವಾರ, ಅತ್ತೆ."

ಅತ್ತೆ ಸೊಸೆಯೊಡನೆ ಆಡುತ್ತಿದ್ದ ಮಾತು ವಾರಕ್ಕೆ ಅಷ್ಟೇ. ಸುದ್ದಿ ಬಂದ ದಿನ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಆಮೇಲೂ ಬೀಳಲಿಲ್ಲ. "ಅಷ್ಟೊಂದು ಓದಿದಾಳಲ್ಲ, ಅಳೋದೊಂದು ಸಿಲಬಸ್‌ನಲ್ಲಿ ಇರ್ಲಿಲ್ಲ ಅಂತ ಕಾಣತ್ತೆ" ಎಂದು ನಾದಿನಿ ಬಂದವರ ಎದುರಿಗೇ ಅಂದಳು. "ಕಲ್ಲು" ಎಂದರು ಅತ್ತೆ.

ಉಳಿದಿದ್ದ ಒಂದು ಟಿಪ್ಪಣಿಯನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಎಂಟು ಚಿತ್ರಗಳಲ್ಲಿ ಹುಬ್ಬಮ್ಮನನ್ನು ಹಿಗ್ಗಾಮುಗ್ಗಾ ಝಾಡಿಸಿದ್ದ ಗಂಡ ಇದೊಂದರಲ್ಲಿ ಸೋತಿದ್ದ. ನಾಯಕಿಗೆ ಲಾಂಡ್ರಿ ಅಂಗಡಿ. ಅವಳ ಗಂಡ ಹಡಗಿನಲ್ಲಿ. ಒಂದು ದಿನ ಯಾರದೋ ಅಂಗಿ ಮಡಚುತ್ತ, ಕಾರಣವೇ ಇಲ್ಲದೆ, ಕುಕ್ಕರಿಸಿ ಕೂತು ಬಿಕ್ಕಿಬಿಕ್ಕಿ ಅಳುತ್ತಾಳೆ. ಆಮೇಲೆ ಹಡಗು ಮುಳುಗಿತೆಂದು ತಂತಿ ಬರುತ್ತದೆ. ಓದಿ ಜೇಬಿಗಿಡುತ್ತಾಳೆ, ಕಾದು ನಿಂತ ಗಿರಾಕಿಗೆ ಅಂಗಿ ಕೊಡುತ್ತಾಳೆ. ಟಿಪ್ಪಣಿಯಲ್ಲಿತ್ತು: 'ಹುಬ್ಬು ಅಲುಗಲಿಲ್ಲ. ಸುದ್ದಿ ಬಂದಾಗ ಅಳದವಳನ್ನು ಕಲ್ಲು ಅನ್ನುವವರು ಇದನ್ನು ನೋಡಬೇಕು. ಭೇಷ್.'

ಮಗನ ಮಾತನ್ನು ಅತ್ತೆ ಎಂದೂ ತಳ್ಳಿಹಾಕಿದವರಲ್ಲ. ಈ ಸಾಲು ಅಚ್ಚಾಗಿ, ಅವರು ಎರಡು ಸಲ ಓದಿದರೆ ಸಾಕು. ಅವಳು ಇಷ್ಟು ವಾರ ಕಾದದ್ದು ಅದಕ್ಕೇ.

ಗಿರಾಕಿ ಗಂಡಸೋ ಹೆಂಗಸೋ ಎಂಬಲ್ಲಿ ಹೆಬ್ಬೆರಳು ಜಾರಿತ್ತು. ಕೇಳಲೆಂದು ಸೊಸೈಟಿಯ ಹಾಲಿಗೆ ಹೋದಳು. ಪ್ರೊಜೆಕ್ಟರ್ ನಡೆಸುವ ಮುದುಕನನ್ನು ಎಲ್ಲರೂ ರೀಲಣ್ಣ ಅನ್ನುತ್ತಿದ್ದರು. "ಬಾಯಲ್ಲಿ ಹೇಳೋದೇನು, ನೋಡೇಬಿಡಮ್ಮಾ" ಎಂದು ಅವನು ಮೂರನೆಯ ರೀಲು ಏರಿಸಿದ. ತಂತಿ ಬಂತು. ಗಿರಾಕಿ ಒಬ್ಬ ಕುಂಟ ಮುದುಕ. ರೀಲು ಮುಗಿಯಿತು. ಅವಳು ಏಳುವಷ್ಟರಲ್ಲಿ ಅವನು ಕೈ ಅಭ್ಯಾಸದಲ್ಲಿ ನಾಲ್ಕನೆಯದನ್ನೂ ಏರಿಸಿದ್ದ. ಪರದೆಯ ಮೇಲೆ ಹುಬ್ಬಮ್ಮ ಅಂಗಿ ಮಡಚುತ್ತ ಅಳತೊಡಗಿದಳು.

"ರೀಲಣ್ಣಾ, ಇದು ತಂತಿಗಿಂತ ಮುಂಚೆ ಬರ್ಬೇಕಲ್ವಾ?"

ಅವನು ಯಂತ್ರ ನಿಲ್ಲಿಸಿದ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡ.

"ಅವತ್ತು ನಾಲ್ಕನ್ನ ಮೂರಕ್ಕಿಂತ ಮೊದ್ಲು ಹಾಕ್ಬಿಟ್ಟಿದ್ದೆ. ಡಬ್ಬಿ ಮೇಲಿನ ನಂಬರು ಅಳಿಸಿಹೋಗಿತ್ತು."

"ಯಾರೂ ಏನೂ ಹೇಳ್ಲಿಲ್ವಾ?"

"ಹದಿನೇಳು ಜನ ಇದ್ರು. ಆರು ಜನ ಗೊರಕೆ. ಉಳಿದೋರು ಇದ್ಯಾವುದೋ ದೊಡ್ಡ ಕಲೆ ಅಂತ ಸುಮ್ನೆ ಕೂತಿದ್ರು. ನಿಮ್ಮನೆಯವ್ರಂತೂ ಮೆಟ್ಲು ಹತ್ತಿ ಬಂದು ನನ್ನ ಕೈ ಕುಲುಕಿದ್ರಮ್ಮಾ. ಆ ಮುಖ ನೋಡಿ ನಿಜ ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ."

"ಅವತ್ತಿನ ಹಾಗೇ ಒಂದ್ಸಲ ಹಾಕಿ."

ಹಾಕಿದ. ಗಂಡ ಕಂಡದ್ದು ತನಗೂ ಕಾಣಲಿ ಎಂದು ಅವಳು ಕಣ್ಣು ಮಿಟುಕಿಸದೆ ಕೂತಳು. ಒಬ್ಬಳು ಅತ್ತಳು, ಆಮೇಲೆ ಅಳುವಿನ ಕಾರಣ ಬಂತು. ಎರಡು ಡಬ್ಬಿ ಅದಲುಬದಲಾಗಿತ್ತು, ಅಷ್ಟೇ.

"ಅವ್ರು ಬರೆದ ಹಾಗೇ ಕಳಿಸಿಬಿಡು. ಯಾರಿಗೆ ಗೊತ್ತಾಗತ್ತೆ?" ಎಂದ ರೀಲಣ್ಣ. "ನಾನಂತೂ ಬಾಯಿ ಬಿಡಲ್ಲ."

ಮನೆಗೆ ಬಂದು ಹಾಗೇ ಬರೆದಳು. 'ಭೇಷ್' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಹಿಂದೊಮ್ಮೆ ವಾಕ್ಯದ ಚಂದಕ್ಕೆಂದು ಅವಳು ಒಂದು ದೃಶ್ಯದಲ್ಲಿ ನಾಯಕಿಯ ಕೈಗೆ ಕೊಡೆ ಕೊಟ್ಟಿದ್ದಳು. "ಇಲ್ಲದ ಕೊಡೆ ಯಾಕೆ ಬಿಚ್ಚಿದೆ?" ಎಂದು ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮುಂದಿನ ವಾರ ತಿದ್ದುಪಡಿ ಹಾಕಿಸಿದ ಮೇಲೇ ನಕ್ಕದ್ದು.

ಹಾಳೆ ಹರಿದು ಇನ್ನೊಂದು ತೆಗೆದುಕೊಂಡಳು. 'ತಂತಿ ಬಂದಾಗ ಸುಮ್ಮನಿದ್ದ ನಾಯಕಿ ಮುಂದಿನ ರೀಲಿನಲ್ಲಿ ಎಲ್ಲರಂತೆ ಅಳುತ್ತಾಳೆ. ಎರಡು ಹುಬ್ಬೂ ಮೇಲೇರುತ್ತವೆ. ಒಂಬತ್ತರಲ್ಲಿ ಇದೂ ಒಂದು.'

ಭಾನುವಾರ ಅತ್ತೆ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಎಲ್ಲರಂತೆ ಅಳ್ತಾಳಂತೆ," ಎಂದರು. ಸೊಸೆಯನ್ನು ಒಂದು ಗಳಿಗೆ ನೋಡಿದರು. "ಇದ್ರಲ್ಲಿ ಅವನಿಲ್ಲ."

"ಇಲ್ಲ, ಅತ್ತೆ."

ಅತ್ತೆ ಪತ್ರಿಕೆಯನ್ನು ಕತ್ತರಿಸಲಿಲ್ಲ. ಮಡಚಿ ರದ್ದಿಯ ಮೇಲಿಟ್ಟು, ಕತ್ತರಿಯನ್ನು ಡ್ರಾಯರಿಗೆ ಹಾಕಿ ಒಳಗೆ ಹೋದರು.

ಅವಳು ತಂತಿಯ ಮೇಲೆ ಒಣಗಿದ್ದ ಬಟ್ಟೆ ತಂದು ಮಡಚಲು ಕೂತಳು. ಅಂಗಿಗಳಿರಲಿಲ್ಲ. ಬೇಗ ಮುಗಿಯಿತು.