ಗಡಿಯಾರದವನ ಎಡಗಣ್ಣು

ಬಾಲದ ನಕ್ಷತ್ರ ನೋಡಲು ಕಾಸು ಬೇಕಿಲ್ಲ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಗಡಿಯಾರ ರಿಪೇರಿಯವನಿಗೆ ಮಾತ್ರ ಅದು ದುಬಾರಿಯಾಗಿಯೇ ಬಿತ್ತು. ಅಂಗಡಿ ಬೇಗ ಮುಚ್ಚಿದ್ದಕ್ಕೆ ಮೂರು ಸಂಜೆಯ ವ್ಯಾಪಾರ ಹೋಯಿತು. ಕೆಳಮನೆಯ ಲಾರಿ ಡ್ರೈವರ್ ಎರಡೂ ಕಣ್ಣಿಗೆ ಹಿಡಿದು ನೋಡುವ ದುರ್ಬೀನು ಕೊಟ್ಟ. ಬದಲಿಗೆ ತನ್ನ ಗೋಡೆ ಗಡಿಯಾರವನ್ನು ಪುಕ್ಕಟೆ ಸರಿಮಾಡಿಸಿಕೊಂಡ. ಇಷ್ಟಾದರೂ ಮೊದಲ ಎರಡು ಸಂಜೆ ಕಂಡದ್ದು ಸೊನ್ನೆ.

ಇವತ್ತೇ ಕೊನೆ. ನಾಳೆಯಿಂದ ಧೂಮಕೇತು ಸೂರ್ಯನ ಬೆಳಕಿನಲ್ಲಿ ಮುಳುಗುತ್ತದೆ, ಮತ್ತೆ ಬರುವುದು ಇಪ್ಪತ್ತು ಸಾವಿರ ವರ್ಷಕ್ಕೆ. ಬದುಕಿಡೀ ಊರವರ ನಿಮಿಷ, ಸೆಕೆಂಡು ಸರಿಮಾಡಿದವನಿಗೆ, ಅಷ್ಟು ದೊಡ್ಡ ಸುತ್ತು ಹಾಕುವ ಮುಳ್ಳೊಂದನ್ನು ಕಣ್ತುಂಬ ನೋಡಲೇಬೇಕೆಂಬ ಹಟ.

ತಾರಸಿಯ ಮೇಲೆ ನಿಂತು ದುರ್ಬೀನು ಎತ್ತಿದ. ಪಕ್ಕದಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಕಾಣ್ತಾ?"

"ಎಲ್ಲಾ ಮಂಜು ಮಂಜು ಕಣೇ. ಡ್ರೈವರ್ ನನಗೆ ಟೋಪಿ ಹಾಕಿದ."

"ಎಲ್ಲಿ, ಇಲ್ಲಿ ಕೊಡಿ." ನೋಡಿದವಳ ತೋಳಿನಿಂದ ಬಟ್ಟೆ ಜಾರಿತು. "ಅಯ್ಯೋ! ಆ ಚಿಮಣಿಯಿಂದ ಒಂದು ಗೇಣು ಮೇಲೆ. ಪೌಡರ್ ಉಜ್ಜಿದ ಹಾಗಿದೆ ರೀ!"

ಅವನು ಕಸಿದುಕೊಂಡು ನೋಡಿದ. ಧೂಮಕೇತು ಹಾಗಿರಲಿ, ಚಿಮಣಿಯೇ ಸರಿಯಾಗಿ ಕಾಣಲಿಲ್ಲ. ಹೆಂಡತಿ ಆಕಾಶ ಬಿಟ್ಟು ಅವನ ಮುಖ ನೋಡಿ ನಕ್ಕುಬಿಟ್ಟಳು.

"ಅಲ್ರೀ, ಎಡಗಣ್ಣು ಯಾಕೆ ಮುಚ್ಚಿದ್ದೀರಿ? ಅದೇನು ರಿಪೇರಿಗೆ ಬಂದಿದೆಯಾ?"

ನಿಜ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿ ಮೂವತ್ತು ವರ್ಷ ದುಡಿದವನು. ಗಾಜು ಹತ್ತಿರ ಬಂದರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ಎರಡು ಸಂಜೆಯೂ ಹೀಗೇ ಆಗಿತ್ತು.

"ಬಲಗಣ್ಣಿಗೆ ಕಾಣದ್ದು ಈ ಸೋಮಾರಿಗೆ ಕಾಣುತ್ತೇನೇ?"

"ಸೋಮಾರಿಗೂ ಒಂದು ಸಲ ಕೆಲಸ ಕೊಟ್ಟು ನೋಡಿ!"

ಬಲಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು, ಎಡಗಣ್ಣು ತೆರೆದ. ಚಿಮಣಿ ಸಿಕ್ಕಿತು. ಅದರ ಮೇಲೆ ಬಿಳಿ ಚುಕ್ಕಿ, ಚುಕ್ಕಿಯಿಂದ ಮೇಲಕ್ಕೆ ಓರೆಯಾಗಿ ಎಳೆದ ತೆಳ್ಳನೆಯ ಬಾಲ. ಅದು ಮನೆಗಳ ಮಾಡುಗಳ ಹಿಂದೆ ಇಳಿಯುವವರೆಗೂ ಅವನು ದುರ್ಬೀನು ಇಳಿಸಲಿಲ್ಲ.

ಆಮೇಲೆ ಕುತೂಹಲ ತಡೆಯದೆ ಬೀದಿದೀಪವನ್ನು ಒಂದೊಂದೇ ಕಣ್ಣಿನಿಂದ ನೋಡಿದ. ಎಡಕ್ಕೆ ದೀಪ. ಬಲಕ್ಕೆ ಬರೀ ಹೊಗೆ.

"ಬೆಳಕು ಸಾಲದು ಅಂತ ಅಂಗಡಿ ಬಲ್ಬನ್ನ ಎರಡು ಸಲ ಬದಲಾಯಿಸಿದೆನಲ್ಲೇ," ಎಂದ ಮೆಲ್ಲಗೆ.

"ನಾಳೆ ಬೆಳಿಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗೋಣ. ಅಂಗಡಿ ಮಾತು ಆಮೇಲೆ," ಎಂದಳು ಅವಳು.

ಅವನಿಗೆ ಧೂಮಕೇತು ಸಿಕ್ಕಿತು. ಮೂವತ್ತು ವರ್ಷ ಅನ್ನ ಹಾಕಿದ ಬಲಗಣ್ಣು ಕೈಕೊಟ್ಟಿದೆ ಎಂಬುದೂ ಅದೇ ಸಂಜೆ ತಿಳಿಯಿತು.